ವಕೀಲರ ಕಚೇರಿಯ ತಂತ್ರಾಂಶ: ಕೊಂಡರೆ ಸಾಲದು, ನಿರ್ವಹಿಸಬೇಕು

ಸರಕು ಮಾರಿದ ವರ್ತಕನ ಕೈಗೆ ಬಂದ ಚೆಕ್ಕು ಬ್ಯಾಂಕಿನಿಂದ ಹಿಂತಿರುಗಿದಾಗ, ಆತ ಮೆಮೊ ಸಹಿತ ಕಾಗದಪತ್ರಗಳನ್ನು ತನ್ನ ವಕೀಲರಿಗೆ ಒಪ್ಪಿಸಿ ನಿಶ್ಚಿಂತನಾಗುತ್ತಾನೆ. ಮುಂದೆ ಆ ಹಣ ಮರಳುವುದು ವಕೀಲರ ವಾದ ಚಾತುರ್ಯವನ್ನು ಅವಲಂಬಿಸಿದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ವಾದಕ್ಕೂ ಮೊದಲು ಒಂದು ಸಣ್ಣ ಸಂಗತಿಯಿದೆ. ಮೆಮೊ ಕೈಸೇರಿದ ದಿನಾಂಕವನ್ನು ವಕೀಲರ ಕಚೇರಿಯಲ್ಲಿ ಯಾರೋ ಒಬ್ಬರು ಸರಿಯಾಗಿ ನಮೂದಿಸಬೇಕು ಮತ್ತು ಗಡುವು ಮುಗಿಯುವ ಮುನ್ನ ಅದು ಮತ್ತೊಬ್ಬರ ಕಣ್ಣಿಗೆ ಬೀಳಬೇಕು. ಇದು ತಪ್ಪಿದರೆ ಎಂತಹ ಗಟ್ಟಿ ಪ್ರಕರಣವೂ ನ್ಯಾಯಾಲಯದ ಮೆಟ್ಟಿಲೇರುವ ಮೊದಲೇ ಬಿದ್ದುಹೋಗುತ್ತದೆ.

ಹಿಂದೆ ಈ ಕೆಲಸವನ್ನು ದಿನಚರಿ ಪುಸ್ತಕ ಮತ್ತು ಹಿರಿಯ ಗುಮಾಸ್ತರ ಜ್ಞಾಪಕಶಕ್ತಿ ನಿರ್ವಹಿಸುತ್ತಿದ್ದವು. ಇಂದು ಅನೇಕ ಕಚೇರಿಗಳಲ್ಲಿ ಆ ಸ್ಥಾನಕ್ಕೆ ಕಚೇರಿ ನಿರ್ವಹಣಾ ತಂತ್ರಾಂಶ ಬಂದಿದೆ. ಆದರೆ ತಂತ್ರಾಂಶ ತಾನಾಗಿ ಏನನ್ನೂ ಕಾಪಾಡದು. ಅದರ ಹಿಂದೆ ಹೊಣೆ ಹೊತ್ತ ವ್ಯಕ್ತಿಯೊಬ್ಬ ಹಾಗೂ ನಿಯಮಿತ ನಿರ್ವಹಣೆ ಇದ್ದರೆ ಮಾತ್ರ ಅದು ಉಪಯುಕ್ತ. ಇಲ್ಲವಾದಲ್ಲಿ ಅದು ಹಳೆಯ ದಿನಚರಿಗಿಂತಲೂ ಅಪಾಯಕಾರಿ. ಏಕೆಂದರೆ ದಿನಚರಿಯನ್ನು ಮನುಷ್ಯ ಸಂಶಯದಿಂದ ನೋಡುತ್ತಾನೆ, ಗಣಕಯಂತ್ರದ ಪರದೆಯನ್ನು ನಂಬಿಬಿಡುತ್ತಾನೆ. ಈ ವಿಷಯವು ವಕೀಲರಿಗಷ್ಟೇ ಅಲ್ಲದೆ ಅವರ ಕಕ್ಷಿದಾರರಾದ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಸಂಬಂಧಿಸಿದ್ದಾಗಿದೆ.

ತಂತ್ರಾಂಶದ ಅಂಗಗಳು

ಇಂತಹ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಐದು ಭಾಗಗಳಿರುತ್ತವೆ. ಪ್ರಕರಣಗಳ ದಾಖಲೆ, ವಾಯಿದೆ ಮತ್ತು ಗಡುವುಗಳ ದಿನಚರಿ, ಕಡತಗಳ ಸಂಗ್ರಹ, ಶುಲ್ಕದ ಬಿಲ್ಲು, ಹಾಗೂ ಕಕ್ಷಿದಾರರ ಹಣದ ಲೆಕ್ಕ. ಕೆಲವು ತಂತ್ರಾಂಶಗಳು ಕಚೇರಿಯ ಸರ್ವರ್‌ನಲ್ಲಿಯೇ ಇರುತ್ತವೆ. ಇನ್ನು ಕೆಲವು ಕ್ಲೌಡ್ ಮೂಲಕ, ಅಂದರೆ ಮಾರಾಟ ಸಂಸ್ಥೆಯ ಸರ್ವರ್‌ನಿಂದ ಅಂತರ್ಜಾಲದ ಮೂಲಕ ದೊರೆಯುತ್ತವೆ. ಕ್ಲೌಡ್ ಪದ್ಧತಿಯಲ್ಲಿ ಯಂತ್ರದ ನಿರ್ವಹಣೆ ಮಾರಾಟ ಸಂಸ್ಥೆಯದಾದರೂ, ಯಾರಿಗೆ ಪ್ರವೇಶ ನೀಡಬೇಕು, ಯಾವ ಮಾಹಿತಿ ಹೇಗೆ ದಾಖಲಾಗಬೇಕು, ಗಡುವಿನ ಲೆಕ್ಕ ಸರಿಯಿದೆಯೇ ಎಂಬ ಹೊಣೆ ಕಚೇರಿಯಲ್ಲಿಯೇ ಉಳಿಯುತ್ತದೆ. ಇದನ್ನು ಮರೆತ ಕಚೇರಿಗಳು ಬಾಡಿಗೆ ಕಟ್ಟಿದ್ದೇ ನಿರ್ವಹಣೆ ಎಂದು ಭಾವಿಸುವುದುಂಟು.

ಭಾರತದಲ್ಲಿ ಪ್ರತಿಯೊಂದು ಪ್ರಕರಣಕ್ಕೂ ಇ-ಕೋರ್ಟ್ಸ್ ಯೋಜನೆಯಡಿ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ನೀಡಲಾಗುತ್ತದೆ. ಕರ್ನಾಟಕದ ಪ್ರಕರಣಗಳಲ್ಲಿ ಅದು ‘ಕೆಎ’ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಈ ಸಂಖ್ಯೆಯ ಮೂಲಕ ಮುಂದಿನ ವಾಯಿದೆಯನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅನೇಕ ತಂತ್ರಾಂಶಗಳು ಈ ಮಾಹಿತಿಯನ್ನು ತಾವೇ ಪಡೆದುಕೊಳ್ಳುತ್ತವೆ. ಆದರೆ ಜಾಲತಾಣ ನೀಡುವುದು ನ್ಯಾಯಾಲಯ ನಿಗದಿ ಮಾಡಿದ ವಾಯಿದೆಯನ್ನು ಮಾತ್ರ. ಇನ್ನೂ ದಾಖಲಾಗದ ಪ್ರಕರಣದ ಗಡುವನ್ನು ಯಾವ ಜಾಲತಾಣವೂ ತಿಳಿಸದು. ವರ್ತಕನ ಹಕ್ಕು ಹೆಚ್ಚಾಗಿ ನಷ್ಟವಾಗುವುದು ಇಲ್ಲಿಯೇ.

ಗಡುವಿನ ಲೆಕ್ಕ: ದಿನವೋ ತಿಂಗಳೋ?

ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ 1881ರ 138ನೇ ಕಲಂ ಅನ್ವಯ, ಚೆಕ್ಕು ಅಮಾನ್ಯವಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಲಿಖಿತ ನೋಟಿಸ್ ನೀಡಬೇಕು. ನೋಟಿಸ್ ತಲುಪಿದ 15 ದಿನಗಳೊಳಗೆ ಹಣ ಬಾರದಿದ್ದರೆ ವ್ಯಾಜ್ಯಕಾರಣ ಉದ್ಭವಿಸುತ್ತದೆ. ಅಂದಿನಿಂದ ಒಂದು ತಿಂಗಳೊಳಗೆ ದೂರು ದಾಖಲಿಸಬೇಕು.

ಉದಾಹರಣೆಗೆ, ಮೆಮೊ ಮಾರ್ಚ್ 3ರಂದು ವರ್ತಕನ ಕೈಸೇರಿದೆ. ಆ ದಿನವನ್ನು ಬಿಟ್ಟು ಎಣಿಸಿದರೆ ನೋಟಿಸಿಗೆ ಏಪ್ರಿಲ್ 2 ಕಡೆಯ ದಿನ. ನೋಟಿಸ್ ಮಾರ್ಚ್ 10ರಂದು ಎದುರುದಾರನಿಗೆ ತಲುಪಿದರೆ, ಪಾವತಿಗೆ ಆತನಿಗೆ ಮಾರ್ಚ್ 25ರವರೆಗೆ ಅವಕಾಶ. ಮಾರ್ಚ್ 26ರಂದು ವ್ಯಾಜ್ಯಕಾರಣ ಉದ್ಭವಿಸುತ್ತದೆ. ಆ ದಿನವನ್ನೂ ಬಿಟ್ಟು ಎಣಿಸಿದರೆ ದೂರಿಗೆ ಏಪ್ರಿಲ್ 26 ಕಡೆಯ ದಿನ. ಹೀಗೆ ಮೊದಲ ದಿನವನ್ನು ಕೈಬಿಟ್ಟು ಎಣಿಸುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ 1999ರ ಸಾಕೇತ್ ಇಂಡಿಯಾ ಪ್ರಕರಣದಲ್ಲಿ ಹೇಳಿ, 2013ರ ಇಕಾನ್ ಆಂಟ್ರಿ ಪ್ರಕರಣದಲ್ಲಿ ಖಚಿತಪಡಿಸಿದೆ.

ಗಮನಿಸಬೇಕಾದ ಅಂಶವೆಂದರೆ, ಮೊದಲ ಗಡುವು ‘30 ದಿನ’, ಕೊನೆಯದು ‘ಒಂದು ತಿಂಗಳು’. ಇವೆರಡೂ ಒಂದೇ ಅಲ್ಲ. ವ್ಯಾಜ್ಯಕಾರಣ ಫೆಬ್ರವರಿ 1ರಂದು ಉದ್ಭವಿಸಿದರೆ ಒಂದು ತಿಂಗಳ ಗಡುವು ಮಾರ್ಚ್ 1ಕ್ಕೆ ಮುಗಿಯುತ್ತದೆ. ತಂತ್ರಾಂಶವನ್ನು ಸ್ಥಾಪಿಸುವಾಗ ಯಾರೋ ‘ತಿಂಗಳು’ ಎಂಬುದಕ್ಕೆ 30 ದಿನವೆಂದು ನಮೂದಿಸಿದ್ದರೆ, ಅಧಿಕ ವರ್ಷವಲ್ಲದ ವರ್ಷದಲ್ಲಿ ಪರದೆಯ ಮೇಲೆ ಮಾರ್ಚ್ 3 ಎಂದು ಕಾಣುತ್ತದೆ. ಎರಡು ದಿನಗಳ ಈ ದೋಷ ವರ್ಷದ ಬೇರೆ ತಿಂಗಳುಗಳಲ್ಲಿ ಯಾರ ಗಮನಕ್ಕೂ ಬಾರದೆ ಅಡಗಿರುತ್ತದೆ. ದೂರು ತಡವಾದರೆ ಸಕಾರಣ ತೋರಿಸಿ ಕ್ಷಮೆ ಕೋರಲು 142ನೇ ಕಲಂನಲ್ಲಿ ಅವಕಾಶವಿದೆ. ನೋಟಿಸ್ ತಡವಾದರೆ ಅಂತಹ ಅವಕಾಶವಿಲ್ಲ. ಚೆಕ್ಕಿನ ಮೂರು ತಿಂಗಳ ಮಾನ್ಯತೆ ಉಳಿದಿದ್ದರೆ ಅದನ್ನು ಮತ್ತೆ ಬ್ಯಾಂಕಿಗೆ ಹಾಜರುಪಡಿಸಬಹುದು. ಅದೂ ಮುಗಿದಿದ್ದರೆ ಆ ಚೆಕ್ಕಿನ ಮೇಲೆ ಕ್ರಿಮಿನಲ್ ಮೊಕದ್ದಮೆಯ ದಾರಿ ಮುಚ್ಚಿ, ಸಿವಿಲ್ ದಾವೆಯೊಂದೇ ಉಳಿಯುತ್ತದೆ.

ವರ್ತಕರಿಗೆ ಸಂಬಂಧಿಸಿದ ಇತರ ಗಡುವುಗಳಿಗೂ ಪ್ರತ್ಯೇಕ ನಿಯಮಗಳು ಬೇಕು. ಜಿಎಸ್‌ಟಿ ಆದೇಶದ ವಿರುದ್ಧ ಮೊದಲ ಮೇಲ್ಮನವಿಗೆ 107ನೇ ಕಲಂ ಅನ್ವಯ ಮೂರು ತಿಂಗಳ ಅವಧಿಯಿದ್ದು, ಸಕಾರಣವಿದ್ದರೆ ಮೇಲ್ಮನವಿ ಪ್ರಾಧಿಕಾರ ಇನ್ನೊಂದು ತಿಂಗಳ ವಿಳಂಬವನ್ನು ಮನ್ನಿಸಬಹುದು. ಅದಕ್ಕೂ ಮೀರಿದ್ದನ್ನು ಮನ್ನಿಸುವ ಅಧಿಕಾರ ಅದಕ್ಕಿಲ್ಲ. ವಾಣಿಜ್ಯ ನ್ಯಾಯಾಲಯಗಳ ಕಾಯಿದೆ 2015ರಂತೆ ಪ್ರತಿವಾದಿಯು ಸಮನ್ಸ್ ತಲುಪಿದ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. 120 ದಿನ ಮೀರಿದರೆ ಆ ಹಕ್ಕೇ ನಷ್ಟವಾಗುತ್ತದೆ. ಸರಕಿನ ಬಾಕಿ ವಸೂಲಿ ದಾವೆಗೆ ಕಾಲಪರಿಮಿತಿ ಕಾಯಿದೆ 1963ರಂತೆ ಮೂರು ವರ್ಷ. ಕೊನೆಯ ದಿನ ನ್ಯಾಯಾಲಯಕ್ಕೆ ರಜೆಯಿದ್ದರೆ ಮರಳಿ ತೆರೆಯುವ ದಿನ ದಾವೆ ಹೂಡಲು ಅದೇ ಕಾಯಿದೆಯ 4ನೇ ಕಲಂ ಅವಕಾಶ ನೀಡುತ್ತದೆ. ಆದರೆ ಚೆಕ್ಕಿನ ನೋಟಿಸಿಗೆ ನ್ಯಾಯಾಲಯದ ರಜೆಯಿಂದ ಯಾವ ಲಾಭವೂ ಇಲ್ಲ.

ಆದ್ದರಿಂದ ತಂತ್ರಾಂಶದ ನಿರ್ವಾಹಕನು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಅಗತ್ಯ.

1. ಪ್ರತಿಯೊಂದು ಗಡುವಿನ ನಿಯಮವನ್ನು ಹಿರಿಯ ವಕೀಲರೊಬ್ಬರು ಓದಿ ಸಹಿ ಮಾಡಿದ ನಂತರವೇ ತಂತ್ರಾಂಶಕ್ಕೆ ಅಳವಡಿಸಬೇಕು. ಕಾನೂನು ತಿದ್ದುಪಡಿಯಾದಾಗ ಮರುಪರಿಶೀಲಿಸಬೇಕು.

2. ಉಚ್ಚ ನ್ಯಾಯಾಲಯದ ರಜಾಪಟ್ಟಿಯನ್ನು ಪ್ರತಿ ವರ್ಷಾರಂಭದಲ್ಲಿ ಅಳವಡಿಸಬೇಕು. ಬೇಸಿಗೆ, ದಸರಾ ಹಾಗೂ ಚಳಿಗಾಲದ ರಜೆಗಳು ಇದರಲ್ಲಿ ಸೇರಿರಬೇಕು.

3. ಮೂಲ ದಿನಾಂಕವನ್ನು ಒಬ್ಬರು ನಮೂದಿಸಿದರೆ ಇನ್ನೊಬ್ಬರು ಕಾಗದದೊಡನೆ ತಾಳೆ ನೋಡಬೇಕು. ಜಿಎಸ್‌ಟಿ ಆದೇಶವಾದರೆ ಜಾಲತಾಣದಲ್ಲಿ ಅದು ಪ್ರಕಟವಾದ ದಿನವನ್ನೇ ಆಧಾರವಾಗಿರಿಸಿಕೊಳ್ಳುವುದು ಕ್ಷೇಮ.

4. ಎಚ್ಚರಿಕೆಯ ಸಂದೇಶ ಕನಿಷ್ಠ ಇಬ್ಬರಿಗೆ ಹೋಗಬೇಕು. ದಾಖಲಾತಿ ಸಂಖ್ಯೆ ಅಥವಾ ಅಂಚೆ ರಸೀತಿ ಸೇರಿಸದೆ ಯಾರೂ ಎಚ್ಚರಿಕೆಯನ್ನು ‘ಮುಗಿದಿದೆ’ ಎಂದು ಅಳಿಸುವಂತಿರಬಾರದು.

ಹೆಸರು ಮತ್ತು ಭಾಷೆಯ ತೊಡಕು

ಹೊಸ ಕಕ್ಷಿದಾರ ಬಂದಾಗ ಆತನ ಎದುರುದಾರ ತನ್ನದೇ ಕಚೇರಿಯ ಹಳೆಯ ಕಕ್ಷಿದಾರನೇ ಎಂಬುದನ್ನು ವಕೀಲರು ಪರೀಕ್ಷಿಸಬೇಕಾಗುತ್ತದೆ. ಈ ಪರೀಕ್ಷೆಗೆ ತಂತ್ರಾಂಶವನ್ನು ಅವಲಂಬಿಸುವಾಗ ಹೆಸರಿನ ಕಾಗುಣಿತವೇ ತೊಡಕಾಗುತ್ತದೆ. ಒಂದು ಕಡತದಲ್ಲಿ ‘ಶ್ರೀನಿವಾಸ ಟ್ರೇಡರ್ಸ್’ ಎಂದಿದ್ದು ಇನ್ನೊಂದರಲ್ಲಿ ‘ಶ್ರೀನಿವಾಸ್ ಟ್ರೇಡರ್ಸ್’ ಎಂದಿದ್ದರೆ ಗಣಕಯಂತ್ರಕ್ಕೆ ಅವು ಎರಡು ಬೇರೆ ಸಂಸ್ಥೆಗಳು. ಇದಕ್ಕೆ ಸುಲಭ ಪರಿಹಾರವಿದೆ. ಜಿಎಸ್‌ಟಿ ಗುರುತಿನ ಸಂಖ್ಯೆಯ 15 ಸ್ಥಾನಗಳಲ್ಲಿ ಮೂರರಿಂದ ಹನ್ನೆರಡನೆಯವರೆಗಿನವು ಪ್ಯಾನ್ ಸಂಖ್ಯೆಯೇ ಆಗಿವೆ. ಹಲವು ರಾಜ್ಯಗಳಲ್ಲಿ ಶಾಖೆಯಿರುವ ಸಂಸ್ಥೆಗೆ ಹಲವು ಜಿಎಸ್‌ಟಿ ಸಂಖ್ಯೆಗಳಿದ್ದರೂ ಪ್ಯಾನ್ ಒಂದೇ. ಆದುದರಿಂದ ಪ್ರತಿ ಕಕ್ಷಿದಾರನ ಮೂಲ ದಾಖಲೆಯಲ್ಲಿ ಪ್ಯಾನ್ ನಮೂದು ಕಡ್ಡಾಯವಾಗಿರಬೇಕು. ಎದುರುದಾರನ ಪ್ಯಾನ್ ಕೂಡ ಆತನ ಬಿಲ್ಲಿನಿಂದ ಹೆಚ್ಚಿನ ಸಂದರ್ಭಗಳಲ್ಲಿ ದೊರೆಯುತ್ತದೆ.

ಕರ್ನಾಟಕದ ಕಚೇರಿಗಳಿಗೆ ಇನ್ನೊಂದು ವಿಶೇಷ ಸಮಸ್ಯೆಯಿದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮುಂತಾದವುಗಳ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಬೆರಳಚ್ಚಾದ ವಾದಪತ್ರ, ಕರಾರುಪತ್ರಗಳು ಹೇರಳವಾಗಿವೆ. ತಂತ್ರಾಂಶದ ಹುಡುಕು ಸೌಲಭ್ಯಕ್ಕೆ ಅವು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ. ಹಳೆಯ ಕಡತಗಳನ್ನು ಹೊಸ ತಂತ್ರಾಂಶಕ್ಕೆ ವರ್ಗಾಯಿಸುವಾಗ ಕನ್ನಡ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅಂಕಿಗಳನ್ನು ಮೂಲದೊಡನೆ ತಾಳೆ ನೋಡಬೇಕು. ಮೂಲ ಪ್ರತಿಯನ್ನು ಮಾತ್ರ ಅಳಿಸಬಾರದು.

ಪ್ರವೇಶಾಧಿಕಾರ ಮತ್ತು ಗೋಪ್ಯತೆ

ವರ್ತಕನು ಬ್ಯಾಂಕಿಗೂ ಹೇಳದ ಸಂಗತಿಗಳನ್ನು ವಕೀಲರಿಗೆ ಹೇಳಿರುತ್ತಾನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 132ನೇ ಕಲಂ ಇಂತಹ ಸಂವಹನದ ಗೋಪ್ಯತೆಯನ್ನು ರಕ್ಷಿಸುತ್ತದೆ. ವಕೀಲರ ಗುಮಾಸ್ತರು ಮತ್ತು ನೌಕರರಿಗೂ ಅದು ಅನ್ವಯಿಸುತ್ತದೆ. ಆದರೆ ಎಲ್ಲ ನೌಕರರೂ ಒಂದೇ ಪಾಸ್‌ವರ್ಡ್ ಬಳಸುವ ಕಚೇರಿಯಲ್ಲಿ ಯಾರು ಏನನ್ನು ನೋಡಿದರೆಂಬುದು ತಿಳಿಯುವುದೇ ಇಲ್ಲ.

ಪ್ರತಿ ವ್ಯಕ್ತಿಗೂ ಪ್ರತ್ಯೇಕ ಪ್ರವೇಶ, ಆತನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ, ಇದು ಮೂಲ ಸೂತ್ರ. ಗುಮಾಸ್ತನಿಗೆ ವಾಯಿದೆ ನಮೂದಿಸುವ ಅಧಿಕಾರ ಸಾಕು, ಶುಲ್ಕದ ಬಿಲ್ಲು ಅಳಿಸುವ ಅಧಿಕಾರ ಬೇಕಿಲ್ಲ. ನಿರ್ವಾಹಕನ ಉನ್ನತ ಅಧಿಕಾರ ಇಬ್ಬರಲ್ಲಿರಬೇಕು. ಒಬ್ಬರೇ ಇದ್ದು ಅವರು ಅಸ್ವಸ್ಥರಾದರೆ ಇಡೀ ಕಚೇರಿ ನಿಲ್ಲುತ್ತದೆ. ಆದರೆ ಅದೇ ಇಬ್ಬರು ದಿನನಿತ್ಯದ ಕೆಲಸಕ್ಕೆ ಆ ಪ್ರವೇಶವನ್ನು ಬಳಸದೆ ಸಾಮಾನ್ಯ ಪ್ರವೇಶವನ್ನೇ ಬಳಸಬೇಕು.

ನೌಕರ ಕೆಲಸ ಬಿಟ್ಟ ದಿನವೇ ಆತನ ಪ್ರವೇಶ ರದ್ದಾಗಬೇಕು. ಇಲ್ಲಿ ಅನೇಕರು ಮರೆಯುವ ಅಂಶವೆಂದರೆ ಮೊಬೈಲ್ ಸಂಖ್ಯೆ. ಇ-ಫೈಲಿಂಗ್ ಖಾತೆ, ತೆರಿಗೆ ಜಾಲತಾಣ, ತಂತ್ರಾಂಶದ ಪರವಾನಗಿ ಇವೆಲ್ಲಕ್ಕೂ ಒಟಿಪಿ ಬರುವುದು ನೋಂದಾಯಿತ ಮೊಬೈಲಿಗೆ. ಆ ಸಂಖ್ಯೆ ಬಿಟ್ಟುಹೋದ ಗುಮಾಸ್ತನದಾಗಿದ್ದರೆ ಕಡೆಯ ದಿನದ ಸಂಜೆ ಮೇಲ್ಮನವಿ ಸಲ್ಲಿಸಲು ಆತನನ್ನೇ ಹುಡುಕಿಕೊಂಡು ಹೋಗಬೇಕಾಗುತ್ತದೆ. ಇಂತಹ ಖಾತೆಗಳಿಗೆ ಕಚೇರಿಯ ಹೆಸರಿನ ಸಿಮ್ ಮತ್ತು ಕಚೇರಿಯ ಮಿಂಚಂಚೆಯನ್ನೇ ನೋಂದಾಯಿಸಬೇಕು.

ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯಿದೆ 2023ರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಅದರ ಪ್ರಮುಖ ಬಾಧ್ಯತೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ದತ್ತಾಂಶಕ್ಕೆ ಸೂಕ್ತ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ.

ಕಕ್ಷಿದಾರರ ಹಣದ ಲೆಕ್ಕ

ಕಕ್ಷಿದಾರನಿಂದ ಬಂದ ಹಣ, ಆತನ ಪರವಾಗಿ ಬಂದ ಹಣ, ಆತನಿಗಾಗಿ ಮಾಡಿದ ವೆಚ್ಚ ಮತ್ತು ಶುಲ್ಕವಾಗಿ ಕಡಿತಗೊಳಿಸಿದ ಮೊತ್ತ, ಇವುಗಳನ್ನು ದಿನಾಂಕ ಸಹಿತ ತೋರಿಸುವ ಲೆಕ್ಕವನ್ನು ವಕೀಲರು ಇಡಬೇಕೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಹೇಳುತ್ತವೆ. ಹಣ ಶುಲ್ಕಕ್ಕಾಗಿ ಬಂದಿದೆಯೋ ವೆಚ್ಚಕ್ಕಾಗಿ ಬಂದಿದೆಯೋ ಎಂಬುದನ್ನೂ ನಮೂದಿಸಬೇಕು. ಆದ್ದರಿಂದ ತಂತ್ರಾಂಶದಲ್ಲಿ ಶುಲ್ಕ, ನ್ಯಾಯಾಲಯ ಶುಲ್ಕ, ಮುದ್ರಾಂಕ ಹಾಗೂ ಇತರ ವೆಚ್ಚಗಳಿಗೆ ಪ್ರತ್ಯೇಕ ಶೀರ್ಷಿಕೆಗಳಿರಬೇಕು. ತೆರಿಗೆ ಕಡಿತ ಮಾಡಬೇಕಾದ ವರ್ತಕನಿಗೂ ಈ ವಿಂಗಡಣೆ ಇಲ್ಲದ ಬಿಲ್ಲಿನಿಂದ ತೊಂದರೆಯೇ ಹೆಚ್ಚು.

ವಿದೇಶಿ ತಂತ್ರಾಂಶಗಳನ್ನು ಬಳಸುವ ಕಚೇರಿಗಳು ಬಿಲ್ಲಿನ ನಮೂನೆಯನ್ನು ಭಾರತದ ನಿಯಮಕ್ಕೆ ಹೊಂದಿಸಿಕೊಳ್ಳಬೇಕು. ವಕೀಲರು ಅಥವಾ ವಕೀಲರ ಪಾಲುದಾರಿಕೆ ಸಂಸ್ಥೆ ವ್ಯಾಪಾರ ಸಂಸ್ಥೆಗೆ ನೀಡುವ ಕಾನೂನು ಸೇವೆಗೆ ಜಿಎಸ್‌ಟಿಯನ್ನು ವಿಲೋಮ ಪದ್ಧತಿಯಲ್ಲಿ, ಅಂದರೆ ಸೇವೆ ಪಡೆದ ಸಂಸ್ಥೆಯೇ ಸರ್ಕಾರಕ್ಕೆ ಪಾವತಿಸಬೇಕು. ನಿಗದಿತ ಮಿತಿಗಿಂತ ಕಡಿಮೆ ವಹಿವಾಟಿನ ಸಂಸ್ಥೆಗಳಿಗೆ ವಿನಾಯಿತಿ ಇದೆ. ತಂತ್ರಾಂಶ ತಾನಾಗಿ ತೆರಿಗೆ ಸೇರಿಸಿ ಬಿಲ್ಲು ನೀಡಿದರೆ, ವರ್ತಕ ವಕೀಲರಿಗೂ ಕೊಟ್ಟು ಸರ್ಕಾರಕ್ಕೂ ಕಟ್ಟುವ ಗೊಂದಲ ಉಂಟಾಗುತ್ತದೆ.

ಲೆಕ್ಕದ ನಮೂದನ್ನು ಯಾರು, ಯಾವಾಗ, ಹೇಗೆ ಬದಲಿಸಿದರೆಂಬ ಜಾಡು ಉಳಿಯುವುದೂ ಮುಖ್ಯ. ಕಂಪೆನಿಗಳ ಲೆಕ್ಕದ ತಂತ್ರಾಂಶಕ್ಕೆ 2023ರ ಏಪ್ರಿಲ್ 1ರಿಂದ ಇದು ಕಡ್ಡಾಯವಾಗಿದೆ. ಈ ಜಾಡನ್ನು ನಿಲ್ಲಿಸುವಂತಿಲ್ಲ. ಸಣ್ಣ ಖಾಸಗಿ ಕಂಪೆನಿಗಳಿಗೂ ವಿನಾಯಿತಿಯಿಲ್ಲ. ವಕೀಲರ ಕಚೇರಿ ಕಂಪೆನಿಯಲ್ಲವಾದ್ದರಿಂದ ಅದಕ್ಕೆ ಈ ನಿಯಮ ಅನ್ವಯಿಸದು. ಆದರೂ ಪರರ ಹಣವನ್ನಿಟ್ಟುಕೊಂಡಿರುವ ಕಚೇರಿ ಅದೇ ಶಿಸ್ತನ್ನು ಪಾಲಿಸುವುದು ಶ್ರೇಯಸ್ಕರ.

ಬ್ಯಾಕಪ್ ಮತ್ತು ಅದರ ಪರೀಕ್ಷೆ

2017ರ ಮೇ 12ರಂದು ವಾನ್ನಾಕ್ರೈ ಎಂಬ ರ್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಗಣಕಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದನ್ನು ತಡೆಯುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಅದೇ ವರ್ಷ ಮಾರ್ಚ್‌ನಲ್ಲಿಯೇ ಬಿಡುಗಡೆ ಮಾಡಿತ್ತು. ಎರಡು ತಿಂಗಳ ಕಾಲ ಅದನ್ನು ಅಳವಡಿಸದೆ ಉಳಿದವರು ತೊಂದರೆಗೊಳಗಾದರು. ಮರು ತಿಂಗಳು ಹಬ್ಬಿದ ನೋಟ್‌ಪೆಟ್ಯ ದಾಳಿಯಲ್ಲಿ ಜಗತ್ತಿನ ಬೃಹತ್ ವಕೀಲ ಸಂಸ್ಥೆಗಳಲ್ಲೊಂದರ ದೂರವಾಣಿ ಮತ್ತು ಮಿಂಚಂಚೆಗಳೇ ಸ್ಥಗಿತಗೊಂಡವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವುದನ್ನು ಹಳೆಯ ಯಂತ್ರಗಳನ್ನೇ ನಂಬಿರುವ ಕಚೇರಿಗಳು ಗಮನಿಸಬೇಕು.

ಬ್ಯಾಕಪ್ ವಿಷಯದಲ್ಲಿ ಸರಳ ಸೂತ್ರವೊಂದಿದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಕಚೇರಿಯಿಂದ ಹೊರಗೆ. ಸದಾ ಸರ್ವರ್‌ಗೆ ಜೋಡಿಸಿಯೇ ಇರುವ ಹಾರ್ಡ್ ಡಿಸ್ಕ್ ನಿಜವಾದ ಬ್ಯಾಕಪ್ ಅಲ್ಲ. ರ್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಇದೆಲ್ಲಕ್ಕಿಂತ ಮುಖ್ಯವಾದುದು ಪರೀಕ್ಷೆ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಕಡತವನ್ನೂ ಒಬ್ಬ ಕಕ್ಷಿದಾರನ ಲೆಕ್ಕವನ್ನೂ ಬೇರೆ ಯಂತ್ರದಲ್ಲಿ ಮರಳಿ ಪಡೆದು, ತೆರೆದು ನೋಡಬೇಕು. ಹಾಗೆ ತೆರೆದು ನೋಡದ ಬ್ಯಾಕಪ್ ಇದೆ ಎಂಬುದು ನಂಬಿಕೆಯಷ್ಟೇ.

ಸಾಕ್ಷ್ಯವಾಗಬಲ್ಲ ವಿದ್ಯುನ್ಮಾನ ಕಡತಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅನ್ವಯ ಸಲ್ಲಿಸುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಕಡತದಲ್ಲಿ ಒಂದಕ್ಷರ ಬದಲಾದರೂ ಈ ಮೌಲ್ಯ ಬದಲಾಗುತ್ತದೆ. ಆದ್ದರಿಂದ ಕಕ್ಷಿದಾರನು ನೀಡಿದ ಮೂಲ ಕಡತವನ್ನು ತೆರೆದು ತಿದ್ದದೆ, ಪ್ರತ್ಯೇಕ ಸ್ಥಳದಲ್ಲಿ ಇದ್ದಂತೆಯೇ ಉಳಿಸಿ, ನಕಲು ಪ್ರತಿಯ ಮೇಲೆ ಕೆಲಸ ಮಾಡುವ ಪದ್ಧತಿ ಇರಬೇಕು.

ನಿರ್ವಹಣೆಯ ವೇಳಾಪಟ್ಟಿ

ಪ್ರತಿದಿನ: ಮರುದಿನದ ವಾಯಿದೆ ಪಟ್ಟಿಯನ್ನು ನ್ಯಾಯಾಲಯದ ಪಟ್ಟಿಯೊಡನೆ ತಾಳೆ ನೋಡುವುದು, ಬ್ಯಾಕಪ್ ಪೂರ್ಣಗೊಂಡಿದೆಯೇ ಎಂದು ಪರಿಶೀಲಿಸುವುದು.

ಪ್ರತಿವಾರ: ಮುಂದಿನ 30 ದಿನಗಳ ಗಡುವುಗಳನ್ನು ಮುದ್ರಿಸಿ ಹಿರಿಯ ವಕೀಲರ ಮುಂದಿಡುವುದು, ಮುಂದಿನ ದಿನಾಂಕವಿಲ್ಲದ ಪ್ರಕರಣಗಳನ್ನು ಹೆಕ್ಕಿ ತೆಗೆಯುವುದು.

ಪ್ರತಿ ತಿಂಗಳು: ಕಕ್ಷಿದಾರರ ಹಣದ ಲೆಕ್ಕವನ್ನು ಬ್ಯಾಂಕ್ ಪಾಸ್‌ಪುಸ್ತಕದೊಡನೆ ತಾಳೆ ಮಾಡುವುದು, ತಂತ್ರಾಂಶದ ಪರಿಷ್ಕರಣೆಗಳನ್ನು ಅಳವಡಿಸುವುದು, ಪ್ರವೇಶಾಧಿಕಾರದ ಪಟ್ಟಿಯನ್ನು ಹಾಜರಿ ಪುಸ್ತಕದೊಡನೆ ಹೋಲಿಸುವುದು.

ಪ್ರತಿ ವರ್ಷ: ಗಡುವಿನ ನಿಯಮಗಳ ಮರುಪರಿಶೀಲನೆ, ಮುಗಿದ ಪ್ರಕರಣಗಳ ವಿಲೇವಾರಿ, ವಾರ್ಷಿಕ ನಿರ್ವಹಣಾ ಒಪ್ಪಂದದ ನವೀಕರಣ.

ಒಪ್ಪಂದದಲ್ಲಿ ಒಂದು ಷರತ್ತು ಅವಶ್ಯ. ಮಾರಾಟ ಸಂಸ್ಥೆಯನ್ನು ಬಿಡುವಾಗ ಎಲ್ಲ ದತ್ತಾಂಶವನ್ನು ಬೇರೆ ತಂತ್ರಾಂಶ ಓದಬಲ್ಲ ರೂಪದಲ್ಲಿ, ಗೊತ್ತುಪಡಿಸಿದ ದಿನಗಳೊಳಗೆ ಮರಳಿಸಬೇಕು ಎಂಬುದು. ಈ ಷರತ್ತಿಲ್ಲದೆ ಕ್ಲೌಡ್ ಸೇವೆ ಪಡೆದ ಕಚೇರಿ ತನ್ನದೇ ಕಡತಗಳಿಗೆ ಬಾಡಿಗೆದಾರನಾಗುತ್ತದೆ.

ವರ್ತಕರು ಕೇಳಬೇಕಾದ ಪ್ರಶ್ನೆಗಳು

ವಕೀಲರನ್ನು ಹೀಗೆ ಪ್ರಶ್ನಿಸುವುದು ಅವಿಶ್ವಾಸವಲ್ಲ. ಲೆಕ್ಕ ಪರಿಶೋಧಕರು ಪ್ರತಿ ವರ್ಷ ವರ್ತಕರನ್ನು ಪ್ರಶ್ನಿಸುವುದೂ ಇದೇ ರೀತಿಯಲ್ಲಿ. ತನ್ನ ಪ್ರಕರಣದ ಸಿಎನ್‌ಆರ್ ಸಂಖ್ಯೆ ಯಾವುದು? ಮುಂದಿನ ಗಡುವು ಯಾವ ದಿನ, ಅದನ್ನು ಯಾವ ಮೂಲ ದಿನಾಂಕದಿಂದ ಲೆಕ್ಕ ಹಾಕಲಾಗಿದೆ? ಆ ಗಡುವನ್ನು ನೋಡಿಕೊಳ್ಳುವ ಎರಡನೆಯ ವ್ಯಕ್ತಿ ಯಾರು? ತನ್ನ ಕಡತವನ್ನು ಯಾರೆಲ್ಲ ನೋಡಬಲ್ಲರು? ಸಂದಾಯ ಮಾಡಿದ ಹಣದ ವಿಂಗಡಿತ ಲೆಕ್ಕ ದೊರೆಯುವುದೇ? ಈ ಐದು ಪ್ರಶ್ನೆಗಳಿಗೆ ತಡವಿಲ್ಲದೆ ಉತ್ತರ ನೀಡುವ ಕಚೇರಿಯಲ್ಲಿ ತಂತ್ರಾಂಶ ಚೆನ್ನಾಗಿ ನಿರ್ವಹಣೆಯಾಗುತ್ತಿದೆ ಎಂದು ತಿಳಿಯಬಹುದು.

ಇದರೊಡನೆ ವರ್ತಕನು ತನ್ನ ಕಡೆಯಿಂದಲೂ ಎರಡು ಕೆಲಸ ಮಾಡಬೇಕು. ಮೆಮೊ, ಸಮನ್ಸ್, ಆದೇಶ ಯಾವುದೇ ಬರಲಿ, ಅದು ಕೈಸೇರಿದ ದಿನಾಂಕವನ್ನು ಅದರ ಮೇಲೆಯೇ ಬರೆದು ಸಹಿ ಮಾಡಿ, ಲಕೋಟೆ ಸಹಿತ ಅಂದೇ ವಕೀಲರಿಗೆ ತಲುಪಿಸಬೇಕು. ತನ್ನ ಅಂಗಡಿಯಲ್ಲಿಯೂ ಒಂದು ಸಣ್ಣ ವಹಿಯಲ್ಲಿ ಅದೇ ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು. ತಪ್ಪು ದಿನಾಂಕ ನಮೂದಾದರೆ ಅತ್ಯುತ್ತಮ ತಂತ್ರಾಂಶವೂ ಆ ತಪ್ಪನ್ನೇ ನಿಷ್ಠೆಯಿಂದ ಮುಂದುವರಿಸುತ್ತದೆ. ಲಕೋಟೆಯ ಮೇಲಿನ ಅಂಚೆ ಮುದ್ರೆ ಮತ್ತು ವರ್ತಕನ ವಹಿಯ ಆ ಒಂದು ಸಾಲು ಅಂತಹ ತಪ್ಪನ್ನು ಸಕಾಲದಲ್ಲಿ ಹಿಡಿದುಕೊಡಬಲ್ಲವು.